ನಾಲ್ಕು ಗೆಲುವು, ನಲವತ್ತು ಗದ್ದಲ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ದಂಪತಿಗಳಲ್ಲಿ ಹೆಂಡತಿಗೆ ಕೈತುಂಬ ಕೆಲಸ. ಗಂಡ ಆಟಕ್ಕುಂಟು, ಲೆಕ್ಕಕ್ಕಿಲ್ಲ. 2023ರಲ್ಲಿ ಡೆನ್ವರಿಗೆ ಹೋದ ನನಗೆ ಪುಣ್ಯಕ್ಕೆ ನಿಜವಾಗಿಯೂ ಒಂದು ಆಟ ಸಿಕ್ಕಿತು. ಅಳಿಯಂದಿರು ಓದಿದ್ದು ಪಕ್ಕದ ಬೌಲ್ಡರಿನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಹಿಂದಿನ ವರ್ಷ 12 ಪಂದ್ಯ ಆಡಿ 11 ಸೋತಿತ್ತು. ಆ ವಿಷಯ ಎತ್ತಿದರೆ ಸಾಕು, “ಇನ್ನೊಂದ್ ಸ್ವಲ್ಪ ಕಾಫಿ ತರ್ಲಾ ಮಾವ?” ಎಂದು ಅಳಿಯಂದಿರು ಎದ್ದೇ ಬಿಡುತ್ತಿದ್ದರು.

ಈಗ ಹೊಸ ಕೋಚ್ ಬಂದಿದ್ದರು, ಡಿಯಾನ್ ಸ್ಯಾಂಡರ್ಸ್. ಫುಟ್‌ಬಾಲಿನ ಸೂಪರ್ ಬೌಲ್, ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಎರಡರಲ್ಲೂ ಆಡಿದ ಏಕೈಕ ಆಟಗಾರ. ಎಲ್ಲರೂ ಕರೆಯುವುದು ‘ಕೋಚ್ ಪ್ರೈಮ್’ ಅಂತ. ಸಂಕೋಚ ಎಂಬುದು ಆ ಜಾತಕದಲ್ಲೇ ಇಲ್ಲ. ಐದು ವರ್ಷಕ್ಕೆ 2.95 ಕೋಟಿ ಡಾಲರ್ ಒಪ್ಪಂದ. ಇಷ್ಟು ದುಡ್ಡು ಎಲ್ಲಿದೆ ಎಂಬ ಪ್ರಶ್ನೆಗೆ ಅಲ್ಲಿನ ಕ್ರೀಡಾ ನಿರ್ದೇಶಕ ರಿಕ್ ಜಾರ್ಜ್, ಸದ್ಯಕ್ಕೆ ಇಲ್ಲ, ಆದರೆ ಬರುತ್ತೆ ಎಂಬರ್ಥದ ಉತ್ತರ ಕೊಟ್ಟರು. ನಮ್ಮ ಬಜೆಟ್ ಭಾಷಣಗಳನ್ನು ಕೇಳುತ್ತಲೇ ತಲೆ ನರೆತ ನನಗೆ ಈ ಮಾತು ತೀರಾ ಆತ್ಮೀಯವೆನಿಸಿತು.

ಮೊದಲ ಭೇಟಿಯಲ್ಲೇ ಕೋಚ್ ಹಳೆಯ ಹುಡುಗರಿಗೆ ಹೇಳಿದ್ದಿಷ್ಟು: ನನ್ನ ಲಗೇಜ್ ನಾನೇ ತರ್ತಿದ್ದೀನಿ, ಅದೂ ಲೂಯಿ ವಿಟಾನ್, ನೀವು ಬೇರೆ ಕಡೆ ಜಾಗ ನೋಡಿಕೊಳ್ಳಬಹುದು. 50ಕ್ಕೂ ಹೆಚ್ಚು ಹುಡುಗರು ನೋಡಿಕೊಂಡರು. ಲಗೇಜ್ ಬಿಚ್ಚಿದರೆ ಅದರಲ್ಲಿ ಮಕ್ಕಳಿದ್ದರು. ಶೆಡೂರ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಶೈಲೊ ರಕ್ಷಣೆಯಲ್ಲಿ. ಇನ್ನೊಬ್ಬ ಮಗ ಕ್ಯಾಮೆರಾ ಹಿಡಿದು ಇವರೆಲ್ಲರ ವಿಡಿಯೊ ಮಾಡುವವನು. ನಮ್ಮ ರಾಜಕೀಯ ಕಂಡವರಿಗೆ ಇದರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ, ಕ್ವಾರ್ಟರ್‌ಬ್ಯಾಕ್ ಮಗನಿಗೆ ನಿಜವಾಗಿ ಕೆಲಸ ಬರುತ್ತಿತ್ತು.

ಮೊದಲ ಪಂದ್ಯ ಟೆಕ್ಸಾಸಿನಲ್ಲಿ, ಹಿಂದಿನ ವರ್ಷದ ರನ್ನರ್ ಅಪ್ ಟಿಸಿಯು ಮೇಲೆ. ಇವರು ಹೇಳಹೆಸರಿಲ್ಲದೆ ಸೋಲುತ್ತಾರೆಂದು ಪಂಡಿತರೆಲ್ಲ ಬರೆದಿದ್ದರು. ಶೆಡೂರ್ 510 ಗಜ ಎಸೆದ, ಟ್ರಾವಿಸ್ ಹಂಟರ್ ಎಂಬ ಪೋರ ದಾಳಿಗೂ ಇಳಿದ, ರಕ್ಷಣೆಗೂ ಇಳಿದ. 45-42ರಲ್ಲಿ ಗೆದ್ದೇ ಬಿಟ್ಟರು. ಈಗ ನಂಬ್ತೀರಾ ಎಂದು ಕೋಚ್ ಪತ್ರಕರ್ತರನ್ನೇ ಕೇಳಿದರು. ನಮ್ಮ ಮನೆಯಲ್ಲಂತೂ ಮಗುವೊಂದನ್ನು ಬಿಟ್ಟು ಎಲ್ಲರೂ ನಂಬಿದೆವು.

ಮೂರನೇ ಪಂದ್ಯದ ಹೊತ್ತಿಗೆ ಜಗಳ ಕನ್ನಡಕಕ್ಕೆ ಬಂತು. ದೊಡ್ಡವರ ಹತ್ತಿರ ಮಾತಾಡುವಾಗ ನಾನು ಟೋಪಿ, ಕನ್ನಡಕ ತೆಗೆಯುತ್ತೇನೆ, ನಮ್ಮಮ್ಮ ಹಾಗೆ ಕಲಿಸಿದ್ದಾರೆ ಎಂದು ಎದುರಾಳಿ ಕೊಲರಾಡೊ ಸ್ಟೇಟ್‌ನ ಕೋಚ್ ಜೇ ನಾರ್ವೆಲ್ ಅಂದುಬಿಟ್ಟರು. “ಯಾರ್ರೀ ಅವ್ರು? ಒಳ್ಳೇ ಮನೆತನ ಇರ್ಬೇಕು” ಎಂದು ನನ್ನವಳು ತಕ್ಷಣ ಎದುರು ಪಾರ್ಟಿ ಸೇರಿದಳು. ಕೋಚ್ ಪ್ರೈಮ್ ಕೂಲಿಂಗ್ ಗ್ಲಾಸ್ ತೆಗೆಯಲಿಲ್ಲ, ತಂಡದ ಹುಡುಗರಿಗೆಲ್ಲ ಒಂದೊಂದು ಹಂಚಿದರು. ಪೇಟೆಯಲ್ಲಿ ಆಗ ಅದರ ಬೆಲೆ 67 ಡಾಲರ್. ನಮ್ಮ ಮನೆಗೂ ಒಂದು ಬಂತು. ಪಂದ್ಯ ರಾತ್ರಿ ಎಂಟಕ್ಕೆ ಶುರುವಾಗಿ ಮುಗಿದದ್ದು ಹನ್ನೆರಡು ದಾಟಿದ ಮೇಲೆ. ಸೋಲು ಬಾಗಿಲಿಗೆ ಬಂದಿದ್ದಾಗ ಕೊನೆಯ ಎರಡು ನಿಮಿಷಗಳಲ್ಲಿ ಶೆಡೂರ್ 98 ಗಜ ದಾಟಿಸಿ ಸಮ ಮಾಡಿದ. ಹೆಚ್ಚುವರಿ ಆಟದಲ್ಲಿ 43-35. ನಡುರಾತ್ರಿಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಹೆಗಲ ಮೇಲೆ ಮಗುವನ್ನು ತಟ್ಟುತ್ತ, ಕೂಗಲೂ ಆಗದೆ ಸೋಫಾ ಸುತ್ತ ತುದಿಗಾಲಲ್ಲಿ ಕುಣಿಯುತ್ತಿದ್ದ ಅಳಿಯಂದಿರನ್ನು ಬೀಗರು ನೋಡಬೇಕಿತ್ತು.

ಮುಂದಿನ ವಾರ ಆರೆಗಾನ್ 42-6ರಲ್ಲಿ ಚಚ್ಚಿತು. ಅದರ ಮರುವಾರ ಯುಎಸ್‌ಸಿ ಪಂದ್ಯಕ್ಕೆ ಅಳಿಯಂದಿರು ನನ್ನನ್ನು ಫೋಲ್ಸಮ್ ಫೀಲ್ಡಿಗೇ ಕರೆದೊಯ್ದರು. ಟಿಕೆಟ್‌ಗೆ ಎಷ್ಟು ಕೊಟ್ಟಿರಿ ಅಂದರೆ, “ಮಾವ, ಅತ್ತೆ ಮುಂದೆ ಮಾತ್ರ ಕೇಳ್ಬೇಡಿ” ಅಂದರು. ತಂಡದ ಹೆಸರು ಬಫಲೋಸ್. ಆಟಕ್ಕೆ ಮೊದಲು ರಾಲ್ಫಿ ಎಂಬ ನಿಜವಾದ ಅಮೆರಿಕನ್ ಕಾಡೆಮ್ಮೆಯನ್ನು ಮೈದಾನಕ್ಕೆ ಬಿಡುತ್ತಾರೆ. ಐದು ಮಂದಿ ವಿದ್ಯಾರ್ಥಿಗಳು ಹಗ್ಗ ಹಿಡಿದು, ಅವಳು ಎಳೆದತ್ತ ಪ್ರಾಣ ಬಿಟ್ಟು ಓಡುತ್ತಾರೆ. ಕೆಸರುಗದ್ದೆಯೊಂದು ಇಲ್ಲ, ಮಿಕ್ಕಂತೆ ನಮ್ಮ ಕರಾವಳಿಯ ಕಂಬಳವೇ. ಅಂದು ನನಗೆ ಪೂರ್ತಿ ಅರ್ಥವಾದ ಭಾಗ ಅದೊಂದೇ. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕೆಂಬ ನಿಯಮವನ್ನು ಪಕ್ಕದ ಸೀಟಿನ ವೃದ್ಧರೊಬ್ಬರು ವಿವರಿಸಿದರು. ಜೊತೆಗೆ, 1990ರಲ್ಲಿ ಮಿಸ್ಸೌರಿ ಮೇಲೆ ರೆಫರಿಗಳು ಎಣಿಕೆ ತಪ್ಪಿ ಐದನೆಯದನ್ನೂ ಕೊಟ್ಟದ್ದರಿಂದ ನಾವು 33-31ರಲ್ಲಿ ಗೆದ್ದೆವು, ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಪಟ್ಟದಲ್ಲಿ ಪಾಲೂ ಸಿಕ್ಕಿತು ಎಂದು ಯಾವ ನಾಚಿಕೆಯೂ ಇಲ್ಲದೆ ಹೇಳಿದರು. ಈ ಸಲ ಎಣಿಕೆ ಸರಿಯಾಗಿತ್ತು, 41-48ರಲ್ಲಿ ಸೋತೆವು.

ಅಕ್ಟೋಬರ್ 13ರ ಶುಕ್ರವಾರ ಸ್ಟ್ಯಾನ್‌ಫರ್ಡ್ ಪಂದ್ಯ. ಅರ್ಧ ಆಟಕ್ಕೆ 29-0. “ಗೆದ್ದಾಯ್ತಲ್ಲ, ಟಿವಿ ಆರ್ಸಿ, ಮಗು ಏಳುತ್ತೆ” ಎಂದಳು ನನ್ನವಳು. ಆರಿಸಿದೆವು. ಬೆಳಗ್ಗೆ ಎದ್ದು ನೋಡಿದರೆ 46-43, ಗೆದ್ದವರು ಸ್ಟ್ಯಾನ್‌ಫರ್ಡ್. “ನಾನ್ ನೋಡೋವರ್ಗೂ ಗೆಲ್ತಾನೇ ಇದ್ರಪ್ಪ” ಎಂದು ಅವಳು ಮೆಂತ್ಯದ ಲೇಹ್ಯ ತಿರುವುವುದನ್ನು ಮುಂದುವರಿಸಿದಳು. ಆ ಪಂದ್ಯವೂ ಸೇರಿ ಕೊನೆಯ ಆರಕ್ಕೆ ಆರೂ ಹೋದವು. ಅಡ್ಡ ನಿಂತು ಕಾಯಬೇಕಾದ ದಾಂಡಿಗರು ಬಾಗಿಲು ತೆರೆದಿಟ್ಟಿದ್ದರಿಂದ ಶೆಡೂರ್ ಆ ಋತುವಿನಲ್ಲಿ 50ಕ್ಕೂ ಹೆಚ್ಚು ಸಲ ನೆಲ ಕಚ್ಚಿದ. ಕೊನೆಯ ಪಂದ್ಯಕ್ಕೆ ಬೆನ್ನುನೋವಿನಿಂದ ಇಳಿಯಲೇ ಇಲ್ಲ. ಯುಸಿಎಲ್‌ಎ ಜತೆ ಆಡುವಾಗ ಡ್ರೆಸ್ಸಿಂಗ್ ರೂಮಿನಲ್ಲಿ ಹುಡುಗರ ಸರ, ಒಡವೆ ಬೇರೆ ಕಳುವಾದವು. ಆಟಕ್ಕೆ ಹೋಗುವವರು ಒಡವೆ ಯಾಕೆ ಒಯ್ಯಬೇಕು ಎಂಬ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ, ಕಾಫಿ ಬಂತು.

ಒಟ್ಟು 4 ಗೆಲುವು, 8 ಸೋಲು, ಲೀಗಿನಲ್ಲಿ ಕಟ್ಟಕಡೆಯ ಸ್ಥಾನ. ಆದರೆ ಬೌಲ್ಡರಿನಲ್ಲಿ ಆಡಿದ ಆರೂ ಪಂದ್ಯಗಳ ಟಿಕೆಟ್ ಖಾಲಿ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಕೋಚ್ ಪ್ರೈಮ್‌ಗೆ ಆ ವರ್ಷದ ಶ್ರೇಷ್ಠ ಕ್ರೀಡಾವ್ಯಕ್ತಿ ಗೌರವ ಕೊಟ್ಟಿತು. ಎಂಟು ಸೋತು ಇಷ್ಟು ಗಿಟ್ಟಿಸಿದವರನ್ನು ನಾನು ಕ್ರೀಡೆಯಲ್ಲಿ ಕಂಡಿರಲಿಲ್ಲ, ಚುನಾವಣೆಯಲ್ಲಿ ಕಂಡಿದ್ದೆ.

ಮರುವರ್ಷ ತಂಡ 9 ಗೆದ್ದು 4 ಸೋತಿತು, ಹಂಟರ್‌ಗೆ ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಹೈಸ್‌ಮನ್ ಟ್ರೋಫಿ ಬಂತು. ಅಷ್ಟಾದ ಮೇಲೆ ಅವನೂ ಕೋಚ್ ಮಕ್ಕಳೂ ಕಾಲೇಜು ಬಿಟ್ಟರು. 2025ರಲ್ಲಿ ಕೋಚ್‌ಗೆ 5.4 ಕೋಟಿ ಡಾಲರಿನ ಹೊಸ ಒಪ್ಪಂದವಾಯಿತು; ತಂಡ 3 ಗೆದ್ದು 9 ಸೋತಿತು. ಅದೇ ವರ್ಷ, ಓಡಲು ಆಸಕ್ತಿ ತೋರಿಸುತ್ತಿಲ್ಲ ಎಂಬ ಕಾರಣ ಕೊಟ್ಟು ವಿಶ್ವವಿದ್ಯಾಲಯ ನಿವೃತ್ತಿ ಕೊಟ್ಟಿದ್ದು ರಾಲ್ಫಿಗೆ.