ಪಾಯಸಕ್ಕೂ ಒಗ್ಗರಣೆ

ಒಂದೇ ಕೋಡನ್ನು ಎರಡು ಕಡೆ ಬರೆಯುವವರನ್ನು ಕಂಡರೆ ನನಗಾಗದು. 1999ರಲ್ಲಿ ಆ್ಯಂಡಿ ಹಂಟ್, ಡೇವ್ ಥಾಮಸ್ ಜೋಡಿ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ‘ಹೇಳಿದ್ದನ್ನೇ ಮತ್ತೆ ಹೇಳಬೇಡ’ ಎನ್ನುವ ನಿಯಮಕ್ಕೆ ‘ಡ್ರೈ’ (ಡೋಂಟ್ ರಿಪೀಟ್ ಯುವರ್‌ಸೆಲ್ಫ್) ಎಂದು ಹೆಸರಿಟ್ಟ ಮೇಲಂತೂ ನನ್ನ ಸೋಮಾರಿತನಕ್ಕೆ ಸಿದ್ಧಾಂತದ ಬಲವೇ ಬಂದಿದೆ.

ನಮ್ಮದು ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕಿನಲ್ಲಿ ಬರೆದ ಅಪ್ಲಿಕೇಶನ್. ಆರ್ಡರು, ಬಿಲ್ಲು, ಗೋದಾಮು, ರಿಪೋರ್ಟು, ಒಂದೊಂದಕ್ಕೂ ಒಂದು ಕಂಟ್ರೋಲರ್. ಪ್ರತಿಯೊಂದರ ನೆತ್ತಿಯ ಮೇಲೂ ‘ಲಾಗಿನ್ ಆಗಿದ್ದೀಯಾ? ಇಲ್ಲದಿದ್ದರೆ ಲಾಗಿನ್ ಪುಟಕ್ಕೆ ನಡಿ’ ಎನ್ನುವ ಅದೇ ನಾಲ್ಕು ಸಾಲು. ಶನಿವಾರ ರಾತ್ರಿ ಎಲ್ಲವನ್ನೂ ಕಿತ್ತು, ಅವಕ್ಕೆಲ್ಲ ಅಪ್ಪನಾದ ಅಪ್ಲಿಕೇಶನ್ ಕಂಟ್ರೋಲರ್‌ನಲ್ಲಿ ‘ಬಿಫೋರ್ ಆ್ಯಕ್ಷನ್’ ಎಂದು ಒಂದೇ ಸಾಲು ಬರೆದೆ. ಅಪ್ಪನದು ಮಕ್ಕಳಿಗೆ ತಾನಾಗಿ ಬರುತ್ತದೆ. ಡಿಪ್ಲಾಯ್ ಮಾಡಿ, ರಾಜ್ಯ ಗೆದ್ದವನಂತೆ ಮಲಗಿದೆ.

ಭಾನುವಾರ ಅದೇ ಹುಮ್ಮಸ್ಸಿನಲ್ಲಿ ‘ಇವತ್ತು ಅಡುಗೆ ನನ್ನದು’ ಎಂದುಬಿಟ್ಟೆ. ಸಾರು, ಹುರುಳಿಕಾಯಿ ಪಲ್ಯ, ಕೋಸಂಬರಿ. ಮೂರಕ್ಕೂ ಅದೇ ಸಾಸಿವೆ, ಅದೇ ಇಂಗು, ಅದೇ ಕರಿಬೇವು. ಮೂರು ಸಲ ಒಲೆ ಯಾಕೆ ಹಚ್ಚಬೇಕು? ದೊಡ್ಡ ಬಾಣಲೆಯಲ್ಲಿ ಒಂದೇ ಸಲ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಸಾಲಾಗಿಟ್ಟ ಪಾತ್ರೆಗಳಿಗೆ ಸೌಟಿನಿಂದ ಹಂಚುತ್ತ ಹೋದೆ. ಚೊಯ್, ಚೊಯ್, ಚೊಯ್. ನಾಲ್ಕನೆಯ ಚೊಯ್ ಆದಮೇಲೆ ಹೊಳೆಯಿತು: ಇರಬೇಕಾದ್ದು ಮೂರೇ ಅಲ್ಲವೆ?

“ರೀ, ಶಾವಿಗೆ ಪಾಯಸದಲ್ಲಿ ಕರಿಬೇವು ಯಾಕೆ ತೇಲ್ತಿದೆ?”

ಉತ್ತರ ಹುಡುಕುವಷ್ಟರಲ್ಲಿ ಆಫೀಸಿನಿಂದ ಫೋನು. ಯಾರಿಗೂ ಲಾಗಿನ್ ಆಗುತ್ತಿಲ್ಲವಂತೆ. ಲಾಗಿನ್ ಪುಟದ ಕಂಟ್ರೋಲರೂ ಅದೇ ಅಪ್ಪನ ಕೂಸು. ಅಲ್ಲಿಗೆ ಬಂದವರನ್ನೂ ‘ಲಾಗಿನ್ ಆಗಿದ್ದೀಯಾ?’ ಎಂದು ಕೇಳಿ, ಮತ್ತೆ ಅಲ್ಲಿಗೇ ಅಟ್ಟುತ್ತಿತ್ತು. ಬ್ರೌಸರ್ ಸುತ್ತಿ ಸುತ್ತಿ ಕೈಚೆಲ್ಲಿತ್ತು. ನಾನು ಮೊದಲೇ ಲಾಗಿನ್ ಆಗಿ ಒಳಗೆ ಕೂತವನು, ನನಗೆಲ್ಲಿಂದ ತಿಳಿಯಬೇಕು?

ಇವಳಿಗೆ ವಿವರಿಸಿದೆ. “ಅಂದ್ರೆ, ಕಾಲು ತೊಳೆದೇ ಒಳಗೆ ಬನ್ನಿ ಅಂತ ಹೇಳಿ, ನಲ್ಲೀನ ಬಚ್ಚಲುಮನೇಲಿ ಇಟ್ಟಿದ್ದೀರಿ” ಎಂದಳು. ಮೀಟಿಂಗಿನಲ್ಲಿ ಇದನ್ನೇ ನನ್ನ ಮಾತೆಂದು ಹೇಳಿಕೊಂಡೆ.

ಲಾಗಿನ್ ಕಂಟ್ರೋಲರಿಗೆ ‘ಸ್ಕಿಪ್ ಬಿಫೋರ್ ಆ್ಯಕ್ಷನ್’ ಎಂಬ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಪಾಯಸಕ್ಕೆ ಅಂಥ ಸಾಲು ಇಲ್ಲ.

ಬೇಕಾದವರಿಗೆ ಮಾತ್ರ ಬಡಿಸುವ ದಾರಿಯೂ ಇತ್ತು ಅನ್ನಿ. 2013ರಲ್ಲಿ ಬಂದ ರೈಲ್ಸ್ 4 ಕಂಟ್ರೋಲರ್ ಫೋಲ್ಡರಿನೊಳಗೇ ‘ಕನ್ಸರ್ನ್ಸ್’ ಎಂಬ ಇನ್ನೊಂದು ಫೋಲ್ಡರ್ ಇಟ್ಟುಕೊಟ್ಟಿದೆ. ಮಾಡ್ಯೂಲ್ ಬರೆದು ಅಲ್ಲಿಟ್ಟರೆ, ಬೇಕೆನಿಸಿದ ಕಂಟ್ರೋಲರ್ ಇನ್‌ಕ್ಲೂಡ್ ಮಾಡಿಕೊಳ್ಳುತ್ತದೆ. ಎರಡು ಮಾಡ್ಯೂಲಿನಲ್ಲಿ ಒಂದೇ ಹೆಸರಿನ ಮೆಥಡ್ ಇದ್ದರೆ ಕೊನೆಗೆ ಸೇರಿಸಿದ್ದು ನಡೆಯುತ್ತದೆ, ಇನ್ನೊಂದು ತೆಪ್ಪಗಿರುತ್ತದೆ. (ನಮ್ಮ ಮನೆಯಲ್ಲಿ ಹಾಗಲ್ಲ. ಸಾರಿಗೆ ಅಮ್ಮನೂ ಉಪ್ಪು ಹಾಕುತ್ತಾಳೆ, ಇವಳೂ ಹಾಕುತ್ತಾಳೆ. ಎರಡೂ ನಡೆಯುತ್ತವೆ.)

“ಮನೆ ಬಗ್ಗೆ ಇಲ್ದಿರೋ ಕನ್ಸರ್ನು ಕಂಪ್ಯೂಟರಲ್ಲಿ ಫೋಲ್ಡರ್ ತುಂಬಾ ಇದೆ ನಿಮ್ಗೆ” ಎಂದಳು ಇವಳು.

ಅಮ್ಮ ಮಾತ್ರ ಏನೂ ಅನ್ನಲಿಲ್ಲ. ಲೋಟದಿಂದ ಕರಿಬೇವನ್ನು ಒಂದೊಂದೇ ಹೆಕ್ಕಿ ತಟ್ಟೆಯಂಚಿಗೆ ಇಟ್ಟಳು. ಒಂದು ಗುಟುಕು ಕುಡಿದಳು. ಹಲ್ಲಿಗೆ ಸಿಕ್ಕ ಸಾಸಿವೆಯನ್ನು ನಿಧಾನವಾಗಿ ಅಗಿದು, ಮಗನ ಮನಸ್ಸು ನೋಯದ ಹಾಗೆ ಹೇಳಿದಳು:

“ಇಂಗು ಒಂಚೂರು ಮುಂದಾಯ್ತು ಕಣೋ.”