ಸುರಂಗಕ್ಕಾಗಿ ಒಂದು ಬೆಟ್ಟ

ಭೂವಿಜ್ಞಾನದ ಪ್ರಕಾರ ಬೆಟ್ಟ ಮೊದಲು, ಸುರಂಗ ಆಮೇಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿರುವುದಕ್ಕೆ ಅಲ್ಲಿ ಮೊದಲೇ ಬೆಟ್ಟಗಳು ಅಡ್ಡ ನಿಂತಿದ್ದುದೇ ಕಾರಣವೆಂಬುದನ್ನು ಯಾವ ಎಂಜಿನಿಯರೂ ಅಲ್ಲಗಳೆಯಲಾರನು. ಆದರೆ ಮೇಜಿನ ಮೇಲೆ ಓಡುವ ಮಾದರಿ ರೈಲಿನ ಲೋಕದಲ್ಲಿ ಈ ಕಾರ್ಯಕಾರಣ ಸಂಬಂಧವು ತಲೆಕೆಳಗಾಗಿದ್ದು, ಅಲ್ಲಿ ಸುರಂಗ ಬೇಕೆಂಬ ಆಸೆ ಮೊದಲು ಹುಟ್ಟಿ ಅದಕ್ಕೊಂದು ನೆಪವಾಗಿ ಬೆಟ್ಟ ಏಳುತ್ತದೆ. ಚೆಂದದ ಸೇತುವೆಯೊಂದು ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಕಾರಣಕ್ಕೆ ನದಿ ಹರಿಯುತ್ತದೆ. ನಿಲ್ದಾಣ ಕಟ್ಟಿ ಮುಗಿದ ಬಳಿಕ, ಇಲ್ಲಿ ಇಳಿದವರು ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಎದ್ದು, ಅದರ ಉತ್ತರವಾಗಿ ಒಂದು ಊರು ಹುಟ್ಟುತ್ತದೆ.

ಈ ಲೋಕದ ಅಳತೆಯೂ ವಿಚಾರಾರ್ಹವಾದುದು. ಹವ್ಯಾಸಿಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಎಂಬ ಪ್ರಮಾಣದಲ್ಲಿ ಪ್ರತಿಯೊಂದು ವಸ್ತುವೂ ನಿಜಗಾತ್ರದ 87ರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಆರಡಿಯ ಆಳು ಎರಡು ಸೆಂಟಿಮೀಟರಿಗೆ ಕುಗ್ಗುತ್ತಾನೆ. ಇಷ್ಟು ಕುಗ್ಗಿಸಿದ ಮೇಲೆ ಜಾಗಕ್ಕೇನು ಕೊರತೆ ಎಂದುಕೊಳ್ಳುವವರು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಆರಂಭಿಕರು ಸಾಮಾನ್ಯವಾಗಿ ಕೊಳ್ಳುವ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಹಿಡಿಯುವುದು ಕೇವಲ 212 ಮೀಟರ್ ಉದ್ದದ ಜಗತ್ತು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಒಂದಕ್ಕೇ 17 ಮೀಟರ್ ದಾಟುವ ಮೇಜು ಬೇಕು. ಮೇಲೆ ಹೇಳಿದ ಘಾಟಿಯನ್ನು ಪ್ರಾಮಾಣಿಕವಾಗಿ ಕಟ್ಟಹೊರಟರೆ 630 ಮೀಟರ್ ಉದ್ದದ ಕೋಣೆ ಬೇಕಾಗುತ್ತದೆ, ಅಂಥ ಕೋಣೆಯುಳ್ಳ ಮನೆಯನ್ನು ಯಾವ ಬಿಲ್ಡರೂ ಈವರೆಗೆ ಕಟ್ಟಿ ಮಾರಿದಂತಿಲ್ಲ. ಆದ್ದರಿಂದ ರೈಲು ಸುತ್ತು ಹಾಕಲೇಬೇಕು. ನಾಲ್ಕಡಿ ಅಗಲದಲ್ಲಿ ಕೂರುವ ದೊಡ್ಡ ತಿರುವಿನ ತ್ರಿಜ್ಯ 22 ಅಂಗುಲ, ಅಂದರೆ ನಿಜಲೋಕದ ಸುಮಾರು 49 ಮೀಟರ್. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿ 175 ಮೀಟರಿಗಿಂತ ಕಿರಿದಾದ ತಿರುವನ್ನು ಒಪ್ಪುವುದಿಲ್ಲವಾದುದರಿಂದ ಮೇಜಿನ ಈ ಅಕ್ರಮ ತಿರುವನ್ನು ಎಲ್ಲಾದರೂ ಬಚ್ಚಿಡಬೇಕಾಗುತ್ತದೆ. ಬೆಟ್ಟದ ಅವತಾರಕ್ಕೆ ಶಾಸ್ತ್ರೀಯ ಕಾರಣ ಇದೇ.

ಬೆಟ್ಟ ಕಟ್ಟುವ ವಿಧಾನಗಳಲ್ಲಿ ಎರಡು ಪ್ರಸಿದ್ಧ. ಮೊದಲನೆಯದರಲ್ಲಿ ಥರ್ಮಾಕೋಲ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಚಾಕುವಿನಿಂದ ಕೆತ್ತಲಾಗುತ್ತದೆ. ಆಗ ಉದುರುವ ಬಿಳಿ ಕಾಳುಗಳು ಬೆಟ್ಟವೊಂದನ್ನು ಬಿಟ್ಟು ಮನೆಯ ಸಮಸ್ತ ವಸ್ತುಗಳಿಗೂ ಅಂಟಿಕೊಳ್ಳುತ್ತವೆ. ಹೀಗೆ ಎದ್ದ ಬೆಟ್ಟಕ್ಕೆ ಆತುರದಲ್ಲಿ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದವರು, ಬಣ್ಣದೊಳಗಿನ ದ್ರಾವಕವು ಥರ್ಮಾಕೋಲನ್ನು ಕರಗಿಸುವುದರಿಂದ, ಲಕ್ಷಾಂತರ ವರ್ಷಗಳ ಭೂಸವೆತವನ್ನು ಒಂದೇ ನಿಮಿಷದಲ್ಲಿ ಕಣ್ಣಾರೆ ಕಾಣುವ ಭಾಗ್ಯವನ್ನು ಪಡೆಯುತ್ತಾರೆ. ನೀರಿನಲ್ಲಿ ಕಲಸುವ ಬಣ್ಣವೇ ಇಲ್ಲಿ ಯೋಗ್ಯ. ಎರಡನೆಯ ವಿಧಾನದಲ್ಲಿ ತಂತಿಯ ಬಲೆಯನ್ನು ಬೆಟ್ಟದಾಕಾರಕ್ಕೆ ಬಗ್ಗಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಅದರಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆಯ ತುಂಡುಗಳನ್ನು ಬಲೆಯ ಮೇಲೆ ಹೊದಿಸುತ್ತಾರೆ. ನೋಡುವವರಿಗೆ ಪಶ್ಚಿಮ ಘಟ್ಟಕ್ಕೆ ಮೂಳೆ ಮುರಿದಂತೆ ತೋರುವ ಈ ಸ್ಥಿತಿಯು ಬಣ್ಣ ಬೀಳುವವರೆಗೆ ಮಾತ್ರ.

ಮರಗಳ ವಿಷಯದಲ್ಲಿ ಸತ್ಯಕ್ಕೂ ಸೌಂದರ್ಯಕ್ಕೂ ನೇರ ಜಗಳವಿದೆ. ಘಟ್ಟದ ಕಾಡಿನ 30 ಮೀಟರಿನ ಮರವನ್ನು ಲೆಕ್ಕಕ್ಕೆ ಸರಿಯಾಗಿ ಮಾಡಿದರೆ ಅದು ಒಂದಡಿಗಿಂತ ಎತ್ತರವಾಗಿ, ತಾನು ನಿಂತ ಬೆಟ್ಟವನ್ನೇ ಕುಳ್ಳಾಗಿಸುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆಯ ಅನುಮತಿಯ ಹಂಗಿಲ್ಲದೆ ಎಲ್ಲ ಮರಗಳ ಎತ್ತರವನ್ನೂ ಮೂರನೆಯ ಒಂದಕ್ಕೆ ಇಳಿಸುವುದು ರೂಢಿ. ತಾಮ್ರದ ಎಳೆಗಳನ್ನು ಹೊಸೆದು ಕಾಂಡ ಮಾಡಿ, ಪಾತ್ರೆ ತಿಕ್ಕುವ ಸ್ಪಂಜನ್ನು ಪುಡಿ ಮಾಡಿ ಎಲೆಗಳಾಗಿಸಿ, ಬಳಸಿ ಒಣಗಿಸಿದ ಚಹಾಪುಡಿಯನ್ನು ಬುಡಕ್ಕೆ ಉದುರಿಸಿದರೆ ತರಗೆಲೆ ಸಿದ್ಧ. ಮರದ ಹೊಟ್ಟಿಗೆ ಹಸಿರು ಬಣ್ಣ ಕೊಟ್ಟು ಹುಲ್ಲು ಬೆಳೆಯುವವರೂ ಇದ್ದಾರೆ.

ತಾಳ್ಮೆಯ ನಿಜವಾದ ಪರೀಕ್ಷೆ ನಡೆಯುವುದು ಜಲ್ಲಿಯಲ್ಲಿ. ಹಳಿಗಳ ನಡುವೆ ಸಣ್ಣ ಜರಡಿಯಲ್ಲಿ ಗಾಳಿಸಿದ ಕಲ್ಲಿನ ಪುಡಿಯನ್ನು ಹರಡಿ, ಸ್ಲೀಪರುಗಳ ಮೇಲೆ, ಅಂದರೆ ಹಳಿಯಡಿಯ ಅಡ್ಡಪಟ್ಟಿಗಳ ಮೇಲೆ, ಉಳಿದ ಒಂದೊಂದು ಕಾಳನ್ನೂ ಕುಂಚದಿಂದ ಕೆಳಗಿಳಿಸಿ, ಫೆವಿಕಾಲಿಗೆ ನೀರು ಬೆರೆಸಿ, ಆ ದ್ರಾವಣವು ಗುಳ್ಳೆಯಾಗಿ ಉರುಳದೆ ಒಳಗಿಳಿಯಲೆಂದು ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಸೇರಿಸಿ, ಇಂಕ್ ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ಬಿಡಬೇಕು. ಹೀಗೆ ಬಿಡುವಾಗ ಒಂದು ತೊಟ್ಟು ಪಾಯಿಂಟಿನ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಚಲಿಸುವ ತುಂಡಿನ, ಸಂದಿಗೆ ಜಾರಿತೆಂದರೆ ಆ ಮಾರ್ಗದಲ್ಲಿ ಸಂಚಾರ ಅನಿರ್ದಿಷ್ಟಾವಧಿಗೆ ಸ್ಥಗಿತ.

ಇದೆಲ್ಲ ಮುಗಿದ ಮೇಲೆ ದುಡ್ಡು ಕೊಟ್ಟು ತಂದ ಹೊಳೆಯುವ ಎಂಜಿನ್ನಿಗೆ ಕಂದು ಬಣ್ಣದಿಂದ ತುಕ್ಕು ಹಿಡಿಸಿ, ಸೀಮೆಸುಣ್ಣದ ಪುಡಿಯಿಂದ ಧೂಳು ಮೆತ್ತಿ, ಹೊಸ ಕಟ್ಟಡದ ಗೋಡೆಯ ಮೇಲೆ ಮಳೆನೀರಿನ ಕಲೆ ಇಳಿಸುವ ಹಂತ ಬರುತ್ತದೆ. ಹೊಸದನ್ನು ಹಳೆಯದಾಗಿ ಕಾಣಿಸಲು ಹವ್ಯಾಸಿಗಳು ವಾರಗಟ್ಟಲೆ ದುಡಿಯುವುದನ್ನು ಕಂಡಾಗ, ಅದೇ ಫಲವನ್ನು ಒಂದೇ ಮಳೆಗಾಲದಲ್ಲಿ ಸಾಧಿಸುವ ಗುತ್ತಿಗೆದಾರರ ಬಗ್ಗೆ ಗೌರವ ಮೂಡದಿರದು.

ಜನರನ್ನು ಇರಿಸುವಲ್ಲಿ ಮಾತ್ರ ಸಂಯಮ ಉಳಿಯುವುದು ಕಷ್ಟ. ಎರಡು ಸೆಂಟಿಮೀಟರಿನ ಬೊಂಬೆಗಳನ್ನು ಮಾಡುವ ಜರ್ಮನಿಯ ಪ್ರೈಸರ್‌ನಂಥ ಕಂಪನಿಗಳ ದೆಸೆಯಿಂದ, ಅಲ್ಲಿನ ಮೇಜುಗಳ ಇಗರ್ಜಿಯ ಮುಂದೆ ಮುಗಿಯದ ಮದುವೆಯೊಂದು ವರ್ಷಾನುಗಟ್ಟಲೆ ನಡೆದೇ ಇರುತ್ತದೆ. ಅದೇ ದೇಶದ ಫೋಲ್‌ಮರ್ ಕಂಪನಿಯು ಬೆಂಕಿ ಹೊತ್ತಿಕೊಂಡ ತೆರಿಗೆ ಕಚೇರಿಯ ಮಾದರಿಯೊಂದನ್ನು ಮಾರಾಟಕ್ಕೆ ತಂದಿತ್ತೆಂಬುದು ತೆರಿಗೆದಾರರ ಮನಶ್ಶಾಸ್ತ್ರದ ಅಧ್ಯಯನಕ್ಕೆ ಉಪಯುಕ್ತ ಆಕರ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಕಟ್ಟಿದ, ನೆಲದಿಂದ ಚಾವಣಿಯವರೆಗೆ ಬೆಟ್ಟಗಳೆದ್ದಿದ್ದ ಪ್ರಸಿದ್ಧ ಮಾದರಿಯಲ್ಲಿ ಡಬ್ಬಿಗಳನ್ನು ಎಳೆದು ಜೋಡಿಸುವ ಕೆಲಸಕ್ಕೆ ಎಂಜಿನ್ನಿನ ಜೊತೆಗೆ ಎಮ್ಮಾ ಎಂಬ ಹೆಸರಿನ ಸ್ಟೆಗೊಸಾರಸ್ ಡೈನೋಸಾರ್ ಕೂಡ ನಿಯುಕ್ತವಾಗಿತ್ತು. ಇದಕ್ಕೆ ವಿರುದ್ಧದ ತುದಿಯಲ್ಲಿ ನಿಲ್ಲುವುದು ಇಂಗ್ಲೆಂಡಿನ ಲಾಂಗ್ ವಿಟೆನ್‌ಹ್ಯಾಮ್‌ನಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯ. ಅದನ್ನು 1954ರಲ್ಲಿ ಸ್ಥಾಪಿಸಿದ, ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್, ಕಣ್ಣೆದುರೇ ಕಣ್ಮರೆಯಾಗುತ್ತಿದ್ದ ಹುಲ್ಲುಮಾಡಿನ ಹಳ್ಳಿಮನೆಗಳನ್ನು ಮಾದರಿಯಲ್ಲಾದರೂ ಉಳಿಸಲು ಹೊರಟವರಾದುದರಿಂದ ಅಲ್ಲಿ 1930ರ ದಶಕದ ಗ್ರಾಮಸೀಮೆಯೇ ನಾಯಕ, ರೈಲು ಪೋಷಕ ಪಾತ್ರ. ಈ ಎರಡರಲ್ಲಿ ಯಾವುದು ಮೇಲೆಂದು ಕೇಳಿದರೆ ಪೆಂಡನ್ ಎನ್ನಬೇಕು, ಆದರೆ ಮನಸ್ಸು ಡೈನೋಸಾರಿನ ಕಡೆಗಿರುತ್ತದೆ.

ಇಷ್ಟೆಲ್ಲ ಕಟ್ಟಿದ ಮೇಲೆ ರೈಲು ಹಳಿ ತಪ್ಪುತ್ತದೆ. ಎಲ್ಲಿ ಎಂದರೆ ಸುರಂಗದ ನಟ್ಟನಡುವೆ. ಬಯಲಿನಲ್ಲಿ ಮಗುವೂ ಎತ್ತಿಡಬಹುದಾದ ಡಬ್ಬಿಯನ್ನು, ಎಲ್ಲ ಕಡೆಯಿಂದಲೂ ಪ್ಲಾಸ್ಟರಿನಲ್ಲಿ ಮುಚ್ಚಿದ ಬೆಟ್ಟದ ಗರ್ಭದಿಂದ ಹೊರತೆಗೆಯಲು ಬೆಟ್ಟವನ್ನೇ ಒಡೆಯುವ ಪ್ರಸಂಗ ಅಪರೂಪವಲ್ಲ. ಬೆಟ್ಟ ಕಟ್ಟಲು ಹೊರಟವರು ಇತರ ಸಲಹೆಗಳನ್ನು ಮರೆತರೂ ಅಡ್ಡಿಯಿಲ್ಲ. ಪ್ಲಾಸ್ಟರ್ ಕಲಸುವ ಮೊದಲು ತಮ್ಮ ಮೊಣಕೈಯ ಸುತ್ತಳತೆ ತೆಗೆದು, ಬೆಟ್ಟದ ಹಿಂಬದಿಯಲ್ಲಿ ಅಷ್ಟು ಅಗಲದ ಒಂದು ಕಿಂಡಿಯನ್ನು ತಪ್ಪದೆ ಬಿಡಬೇಕು.