ಬಾಡಿಗೆಯ ಜೊತೆ ಫೋನೂ ಬರುತ್ತೆ!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಬಾಡಿಗೆಗೆ ಕೊಟ್ಟು ನೋಡು ಅನ್ನೋದನ್ನು ಯಾಕೆ ಬಿಟ್ಟರೋ! ಬೆಂಗಳೂರಿನಲ್ಲಿ ಮೇಲೊಂದು ಮಹಡಿ ಎಬ್ಬಿಸಿ 'ಟು ಲೆಟ್' ಬೋರ್ಡು ನೇತುಹಾಕಿದವರಿಗೆ ತಿಂಗಳ ಮೊದಲ ವಾರ ಹಬ್ಬ. ಉಳಿದ ಮೂರು ವಾರ "ಅಂಕಲ್, ಮೋಟರ್ ಹಾಕಿ", "ಆಂಟಿ, ಗೀಸರ್ ಕೆಟ್ಟಿದೆ".

ಹೊಸ ಮಾಲೀಕರಿಗೊಂದಿಷ್ಟು ಕಿವಿಮಾತು. ಮನೆ ಕೊಳ್ಳುವಾಗ ಬ್ರೋಕರ್ ಹೇಳುವ "ಮೆಟ್ರೋ ಬರುತ್ತೆ ಸಾರ್" ನಂಬಬೇಡಿ. ಖಾತೆ, ಇಸಿ (ಋಣಭಾರ ಪತ್ರ), ಮದರ್ ಡೀಡ್ ನೋಡಿ. ಇನ್ನು ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ? ಪಂಚಾಂಗದ ಲೆಕ್ಕವಲ್ಲ, ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅನ್ನುತ್ತೆ 1908ರ ನೋಂದಣಿ ಕಾಯ್ದೆ. ಹತ್ತು ತಿಂಗಳ ಅಡ್ವಾನ್ಸು ಊರಿನ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತೆ. ಎಷ್ಟೇ ತಗೊಳ್ಳಿ, ಅದು ಹಿಂದಿರುಗಿಸುವ ದುಡ್ಡು. ಮಗಳ ಮದುವೆಗೆ ಎತ್ತಿಡಬೇಡಿ.

ಖಾಲಿ ಮಾಡುವ ದಿನ ಗೋಡೆಯ ಮೊಳೆ ಎಣಿಸಿ ಪೇಂಟಿಂಗ್ ಹೆಸರಲ್ಲಿ ಮುರಿದುಕೊಳ್ಳುವ ವಿದ್ಯೆಯೂ ಬೇಡ. ಬೀಗದಕೈ ಕೊಡುವ ದಿನವೇ ನಲ್ಲಿ, ಸ್ವಿಚ್ಚು, ಗೋಡೆಗಳ ಫೋಟೋ ತೆಗೆದಿಡಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ.

ರಿಪೇರಿಗೆ ಬಿಡಿಗಾಸು ಬಿಚ್ಚದಿದ್ದರೂ ಆದಾಯ ತೆರಿಗೆಯವರು ಬಾಡಿಗೆಯಲ್ಲಿ ಶೇ. 30 ಕಳೆದೇ ಲೆಕ್ಕ ಹಾಕುತ್ತಾರೆ. ಅದರಲ್ಲಿ ಚೂರಾದರೂ ಆ ಸೋರುವ ನಲ್ಲಿಯ ವಾಷರಿಗೆ ಖರ್ಚು ಮಾಡಿ, ಮಾರಾಯ್ರೇ!